ಜಾಡನ ಕಲೆ

ಆಗಸ್ಟ್ 2, ಶುಕ್ರವಾರ

ಇದು ಬೀಜದ ಅಂಗಡಿಯವರು ಇವರಿಗೆ ಕೊಟ್ಟ ಡೈರಿ. ಮೊದಲ ಪುಟದಲ್ಲಿ 'ಪ್ರಭು, ಸಂಶಿ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಅಷ್ಟಕ್ಕೇ ದಣಿದು, ಟ್ರಂಕಿನ ಮೇಲೆ ಒಗೆದಿದ್ದರು. ಗಂಡನ ಹೆಸರಿನ ಕೆಳಗೆ ಹೆಂಡತಿ ಬರೆದರೆ ಯಾರ ಗಂಟು ಹೋಗುತ್ತದೆ. ಯಾರ ಹತ್ತಿರವೂ ಮಾತಾಡಲು ಮನಸ್ಸಿಲ್ಲ. ಬರೆದರೆ ಯಾರೂ ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಪಂಚಮಿ ಬಂತೆಂದು ಇವತ್ತು ಮನೆ ಸ್ವಚ್ಛ ಮಾಡಿದೆವು. ಅತ್ತೆ ಕಟ್ಟೆಯ ಮೇಲೆ ಕುಳಿತೇ ಹುಕುಂ ಕೊಟ್ಟರು. "ಜಂತಿ ನೋಡು, ಬೀಗ ಹಾಕಿದ ಗುಡಿ ಆದಂಗ ಆಗೇತಿ. ಎಷ್ಟ ದಿನಾ ಅಂತ ಹಿಂಗ ಕುಂದರತಿ?" ನಾನು ಕಸಬರಿಗೆಯನ್ನು ಬಿದಿರಿಗೆ ಕಟ್ಟಿ ಬಲೆ ಹೊಡೆದೆ. ಜೇಡಗಳು ಉದುರಿದವು, ತುಳಿದೆ. ಇಲ್ಲಿ ಜೇಡಕ್ಕೆ ಜಾಡ ಅನ್ನುತ್ತಾರೆ. ಎಷ್ಟು ತುಳಿದರೂ ಏನೂ ಅನಿಸಲಿಲ್ಲ. ಫೆಬ್ರುವರಿಯಲ್ಲಿ ತವರೂರು ಶಲವಡಿಯಲ್ಲಿ ನಮ್ಮವ್ವನನ್ನು ಮಣ್ಣು ಮಾಡುವಾಗಲೂ ನನಗೆ ಏನೂ ಅನಿಸಿರಲಿಲ್ಲ. ಎಲ್ಲರೂ ಅತ್ತರು. ನಾನು ಬಂದವರಿಗೆ ಚಹಾ ಆಯಿತೋ ಇಲ್ಲವೋ ಎಂದು ನೋಡುತ್ತಿದ್ದೆ.

ಮಧ್ಯಾಹ್ನ ಸಾವಂತ್ರೆವ್ವ ಬಂದಳು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ಮತ್ತು ಅವಳು ಸೇರಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇವೆ. ಅವಳು ಬಡಿದರೆ ನಾನು ಬೇಯಿಸುತ್ತೇನೆ, ನಾನು ಬಡಿದರೆ ಅವಳು. ಹಿಟ್ಟು ನಾದುತ್ತಾ ನನ್ನ ಎಡಗೈ ಹಿಡಿದು ನೋಡಿದಳು.

"ಇದೇನ ನಂದವ್ವ, ಮಣಿಕಟ್ಟಿಗೆ? ಬೆಳ್ಳಗ ಆಗೇತಲ್ಲ."

"ಗೊತ್ತಿಲ್ಲಕ್ಕ. ಯಾವಾಗಿಂದೋ ಐತಿ."

"ತುರಸತೈತೇನು?"

"ಇಲ್ಲ."

"ಉರಿ, ಬ್ಯಾನಿ?"

"ಎರಡೂ ಇಲ್ಲ."

"ಹಂಗಾರ ಜಾಡ ಉಚ್ಚಿ ಹೊಯ್ದೈತಿ ತಗಿ. ನನಗೂ ಬೆನ್ನಿಗೆ ಹಿಂಗ ಆಗಿತ್ತು. ಕೆಮ್ಮಣ್ಣು ಹಚ್ಚು, ತಾನ ಹೋಗತೈತಿ."

ಹಚ್ಚಿದೆ. ತುಳಿದಿದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಆಗಸ್ಟ್ 8, ಗುರುವಾರ

ರೊಟ್ಟಿ ಪಂಚಮಿ. ನಾಳೆ ಹಬ್ಬದ ದಿನ ಯಾರೂ ಹಂಚು ಇಡುವುದಿಲ್ಲವಲ್ಲ, ಊರಿನ ರೊಟ್ಟಿಯೆಲ್ಲ ಇವತ್ತೇ ಆಗಬೇಕು. ನಮ್ಮ ಶೆಡ್ಡಿನಲ್ಲಿ ಎರಡು ಒಲೆ, ಎರಡೂ ನಸುಕಿನಿಂದ ಆರಿಲ್ಲ. ಹತ್ತಿ ಕಟ್ಟಿಗೆಯ ಹೊಗೆ ಕಣ್ಣಿಗೆ ಹೊಡೆದು ಸಾವಂತ್ರೆವ್ವ ಅಳುತ್ತಿದ್ದಳು. ನನಗೆ ಅದೂ ಬರಲಿಲ್ಲ.

ಒಂದು ಹೊಸ ಸಂಗತಿ. ಅರಿವೆ ಇಲ್ಲದೆ ಬರೀ ಎಡಗೈಯಿಂದ ರೊಟ್ಟಿ ತಿರುವಿ ಹಾಕಬಲ್ಲೆ. ಹಂಚಿನ ಅಂಚಿಗೆ ಕಿರುಬೆರಳು ತಾಗಿದರೂ ಏನೂ ಆಗುವುದಿಲ್ಲ. ರೊಟ್ಟಿ ಒಯ್ಯಲು ಬಂದ ಬಸವಣ್ಣೆವ್ವ ಬಾಗಿಲಲ್ಲಿ ನಿಂತು ನೋಡಿ, "ಏನ ಕೈ ಬೇ ಇಕೀದು, ಬೆಂಕಿನೂ ಹತ್ತವಲ್ದು" ಎಂದಳು. ಇಷ್ಟು ವರ್ಷ ರೊಟ್ಟಿ ಬಡಿದದ್ದಕ್ಕೆ ಕೈ ಪಳಗಿದೆ. ನಮ್ಮವ್ವನ ಕೈಯೂ ಹೀಗೇ ಇತ್ತೇನೋ, ಕೇಳಲಿಲ್ಲ.

ಸಂಜೆ ನೋಡಿದರೆ ಕಿರುಬೆರಳ ಬದಿಗೆ ನೀರುಗುಳ್ಳೆ. ಚುಚ್ಚಿ ಒರೆಸಿದೆ.

ಆಗಸ್ಟ್ 19, ಸೋಮವಾರ

ಕಲೆ ಹೋಗಿಲ್ಲ. ಹುಣಸೆ ಎಲೆಯಷ್ಟು ಇದ್ದದ್ದು ವೀಳ್ಯದ ಚಿಗುರಿನಷ್ಟಾಗಿದೆ. ಅತ್ತೆ ಕೆಮ್ಮಣ್ಣು ಬಿಟ್ಟು ತುಳಸಿ ರಸ ಎಂದರು. ಹಸಿರು ಬಣ್ಣ ಬಂತು, ಅಷ್ಟೇ.

ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಮುಲಾಮು ಕೊಟ್ಟ. "ಯಾವ ಜಾಡ ಅಂತ ಗೊತ್ತಿದ್ರ ಚಲೋ ಇತ್ತರಿ. ಸಿಕ್ರ ಹಿಡಕೊಂಡ ಬರ್ರಿ" ಎಂದ. ಬಹುಶಃ ನನ್ನನ್ನು ಸಾಗಹಾಕಲು ಹೇಳಿದ. ನಾನು ಅದನ್ನೇ ಹಿಡಿದುಕೊಂಡೆ. ಬೇರೆ ಏನು ಕೆಲಸ ಇದೆ ನನಗೆ, ರೊಟ್ಟಿ ಬಿಟ್ಟರೆ.

ಉಪ್ಪಿನಕಾಯಿ ಬಾಟ್ಲಿ ತೊಳೆದು ಒಣಗಿಸಿದ್ದೇನೆ.

ಆಗಸ್ಟ್ 27, ಮಂಗಳವಾರ

ಬಾಜು ಮನೆಯಲ್ಲಿ ಮುಸರತ್ ಟೀಚರ್ ಬಾಡಿಗೆಗೆ ಇದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಅವರೇ ಕೇಳುತ್ತಾರೆ. ಸಿಕ್ಕ ಮೂರು ಜಾಡಗಳನ್ನು ಬಾಟ್ಲಿಗೆ ಹಾಕಿಕೊಂಡು ಹೋದೆ. ಹೆದರಿಯಾರು ಎಂದುಕೊಂಡಿದ್ದೆ. ಭೂತಗನ್ನಡಿ ತಂದು ಕುಳಿತುಬಿಟ್ಟರು.

ಮೊದಲನೆಯದು ಮೂಲೆಯಲ್ಲಿ ನೇತಾಡುವ ಕೂದಲಿನಂಥ ಉದ್ದ ಕಾಲಿನದು. ಬಲೆ ಮುಟ್ಟಿದರೆ ಮೈ ಗಡಗಡ ನಡುಗಿಸುತ್ತದೆ. "ಇದು ಪಾಪದ್ದರಿ. ಸೊಳ್ಳಿ ತಿನ್ನತೈತಿ" ಎಂದರು. ಎರಡನೆಯದು ಕಿಟಕಿಯ ಮೇಲೆ ನೆಗೆಯುವ ಗಿಡ್ಡ ಜಾಡ. ಬಲೆ ಕಟ್ಟುವುದಿಲ್ಲ, ಮುಖ ಎತ್ತಿ ನಮ್ಮನ್ನೇ ನೋಡುತ್ತದೆ. ಬಾಟ್ಲಿಯೊಳಗಿಂದ ನನ್ನನ್ನು ನೋಡಿತು. ಬಹಳ ಹೊತ್ತು ನೋಡಿತು. ನಾನೇ ಮುಖ ತಿರುಗಿಸಿದೆ. ಮೂರನೆಯದು ಬೇಲಿಯದು, ಬಲೆಯ ನಡುವೆ ಗುಣಾಕಾರದ ಗುರುತು ಹೊಲಿದುಕೊಂಡು ಅದರ ಮೇಲೇ ಕಾಲು ಚಾಚಿ ಕೂಡುವುದು. ಅದೂ ಪಾಪದ್ದೇ.

"ಎಲ್ಲಾನೂ ಪಾಪದ್ದಂದ್ರ ಉಚ್ಚಿ ಹೊಯ್ದಾವರ ಯಾರ್ರಿ?" ಎಂದೆ.

ಟೀಚರ್ ನಕ್ಕರು. "ಜಾಡ ಹಂಗ ಉಚ್ಚಿ ಹೊಯ್ದು ಮೈ ಸುಡಂಗಿಲ್ಲರಿ ನಂದಕ್ಕ. ಮಳಿಗಾಲದಾಗ ದೀಪಕ್ಕ ಒಂದ ಸಣ್ಣ ಹುಳ ಬರತೈತಿ, ಕೆಂಪು ಕಪ್ಪು. ಅದನ್ನ ಮೈಮ್ಯಾಲ ಉಜ್ಜಿದ್ರ ಗುಳ್ಳಿ ಏಳತಾವು, ಉರೀತಾವು. ಮಂದಿ ಜಾಡನ ಮ್ಯಾಲ ಹಾಕ್ತಾರ."

"ನಂದು ಉರಿಯೂದಿಲ್ಲ."

"ಅದ ನನಗೂ ತಿಳೀವಲ್ದು" ಎಂದರು.

ಮೂರನ್ನೂ ಬೇಲಿಗೆ ಬಿಟ್ಟು ಬಂದೆ. ಕೊಲ್ಲಲು ಬಾಗಬೇಕಾಗುತ್ತದೆ, ಬೇಸರ.

ಸೆಪ್ಟೆಂಬರ್ 5, ಗುರುವಾರ

ಇವತ್ತು ಕಳ್ಳ ಸಿಕ್ಕ ಎಂದುಕೊಂಡೆ.

ಕಟ್ಟಿಗೆ ರಾಶಿಯ ಕೆಳಗೆ ಒಡೆದ ಗಡಿಗೆ ಇದೆ. ಅದರ ಬಾಯಿಗೆ ಅಡ್ಡಾದಿಡ್ಡಿ ಬಲೆ, ಹಿಂಜಿದ ಹತ್ತಿ ಸಿಕ್ಕಾದ ಹಾಗೆ. ಕಡ್ಡಿಯಿಂದ ಎಳೆದರೆ ನೂಲು ಚಿಟ್ ಎಂದು ಹರಿಯಿತು, ಉಳಿದವುಗಳಂತೆ ಮೆತ್ತಗಿರಲಿಲ್ಲ. ಒಳಗೆ ಗುಂಡು ಹೊಟ್ಟೆಯ ಕಂದು ಜಾಡ, ತಲೆಕೆಳಗಾಗಿ. ಪಕ್ಕದಲ್ಲಿ ಮೈತುಂಬ ಮುಳ್ಳು ಎದ್ದ ಬಿಳಿ ಉಂಡೆ, ಅದು ತತ್ತಿಯ ಚೀಲವಂತೆ. ಟೀಚರನ್ನು ಕೂಗಿದೆ. ಅವರು ಬಂದು ಮೊಬೈಲಿನ ಬೆಳಕು ಬಿಟ್ಟು, ನನ್ನ ರಟ್ಟೆ ಹಿಡಿದು ಹಿಂದೆ ಎಳೆದರು.

"ಕೈ ಹಾಕಬ್ಯಾಡ್ರಿ. ಹೊಟ್ಟಿ ಕೆಳಗ ನೋಡ್ರಿ, ಡಮರು ಇದ್ದಂಗ ಕೆಂಪಂದು ಕಾಣತೈತಿಲ್ಲ? ಇದು ವಿಷದ್ದು."

"ಕಡದ್ರ ಸಾಯತಾರೇನ್ರಿ?"

"ಸಾಯೂದು ಭಾಳ ಕಡಿಮಿ. ಆದ್ರ ನೋವು ಹೇಳತೀರದು, ಮೈಯೆಲ್ಲಾ ಹಿಡಕೊಂತೈತಿ, ಬೆವರು ಇಳೀತೈತಿ. ಸಾಬಾಣಲೆ ತೊಳದು, ತಣ್ಣನ ಅರಿವಿ ಇಟ್ಟು ಸೀದಾ ದವಾಖಾನಿಗೆ ಹೋಗಬೇಕು. ಕೊಯ್ಯೂದು, ಹೀರೂದು, ಸುಣ್ಣ ಹಚ್ಚೂದು ಏನೂ ಮಾಡಬಾರದು."

ಇದೇ ನನ್ನ ಕೈ ಕಡಿದದ್ದು ಎಂದೆ. ಎಷ್ಟು ವಾರದ ಮೇಲೆ ಒಂದು ವಿಷಯ ಮುಗಿದ ಸಮಾಧಾನ. ಟೀಚರ್ ಒಪ್ಪಲಿಲ್ಲ. "ನಿಮಗ ಹಂಗ ಯಾವಾಗರೆ ನೋವಾಗಿತ್ತೇನ್ರಿ?" ಎಂದರು. ಇಲ್ಲ ಎಂದೆ. "ಹಂಗಾರ ಇದಲ್ಲ. ವಿಷದ ಜಾಡ ಕಡದ್ರ ಗೊತ್ತಾಗತೈತಿ ನಂದಕ್ಕ. ನೋವ ಇಲ್ಲ ಅಂದ್ರ ಜಾಡ ಹುಡುಕೂದ ಬಿಟ್ಟು ಡಾಕ್ಟರ್‌ಗೆ ತೋರಸ್ರಿ."

ಡಾಕ್ಟರಿಗೆ ಏನು ತೋರಿಸುವುದು, ಏನೂ ಆಗದೇ ಇರುವುದನ್ನೇ? ನಮ್ಮ ಮನೆಯವರು ಗಡಿಗೆಯ ಮೇಲೆ ಕುದಿವ ನೀರು ಸುರಿದು ಜಾಡವನ್ನು ಮುಗಿಸಿದರು. ಮಧ್ಯಾಹ್ನವೆಲ್ಲ ರಾಶಿಯನ್ನು ಕೋಲಿನಿಂದ ಬಡಿದು ಬಡಿದು ಬೇರೆ ಕಡೆ ಒಟ್ಟಿದೆ. ಇನ್ನು ಮೇಲೆ ಕಟ್ಟಿಗೆಯನ್ನು ಬಡಿದೇ ಎತ್ತಬೇಕು, ಚಪ್ಪಲಿ ಝಾಡಿಸಿ ಮೆಟ್ಟಬೇಕು ಎಂದು ಸಾವಂತ್ರೆವ್ವನಿಗೂ ತಾಕೀತು ಮಾಡಿದೆ. ಅವಳು, "ಜಾಡನ ಸಾಲಿ ತಗದೀಯೇನ ಬೇ?" ಎಂದಳು. ಕೈಗವಸು ಎಲ್ಲಿಂದ ತರುವುದು, ಇವರ ಹಳೆಯ ಕಾಲುಚೀಲ ಹಾಕಿಕೊಂಡೆ.

ಊಟಕ್ಕೆ ಕುಳಿತಾಗ ಎಡಗೈಯಿಂದ ನೀರಿನ ಚರಿಗೆ ಜಾರಿ ಬಿತ್ತು. ಈ ವಾರ ಇದು ಎಷ್ಟನೆಯ ಸಲವೋ. ಅತ್ತೆ, "ಚಿತ್ತ ಎಲ್ಲಿ ಇಟ್ಟೀಯವ್ವ" ಎಂದರು. ಚಿತ್ತ ಎಲ್ಲೂ ಇಲ್ಲ.

ಸೆಪ್ಟೆಂಬರ್ 15, ರವಿವಾರ

ಅಕ್ಷರ ನೆಟ್ಟಗೇ ಬರುತ್ತಿವೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಶೆಡ್ಡಿನ ಗೋಡೆಗೆ ಅಂಗೈಯಗಲದ ಚಪ್ಪಟೆ ಜಾಡ ಕುಳಿತಿತ್ತು. ಇದರ ಗುರುತು ಟೀಚರ್ ಹೇಳಿಕೊಟ್ಟಿದ್ದರು: ಬಲೆ ಇಲ್ಲ, ಗೋಡೆಗೆ ಒತ್ತಿ ಕೂಡುತ್ತದೆ, ಏಡಿಯಂತೆ ಅಡ್ಡ ಓಡುತ್ತದೆ, ಜಿರಲೆ ತಿನ್ನುತ್ತದೆ. ವಿಷದ ಭಯವಿಲ್ಲ, ಆದರೆ ಒತ್ತಿ ಹಿಡಿದರೆ ಕಡಿಯುತ್ತದೆ, ಕಡಿದರೆ ಬಹಳ ನೋಯುತ್ತದೆ. ಹಿಟ್ಟಿನಲ್ಲಿ ಬಿದ್ದೀತೆಂದು ಹೊರಗೆ ಬಿಡಲು ಪಾತ್ರೆ ಮುಚ್ಚಿ ಹಿಡಿದೆ. ಟೀಚರ್ ಬಾಗಿಲಲ್ಲಿ ಇದ್ದರು. ಪಾತ್ರೆ ಓರೆಯಾಗಿ ಅದು ನನ್ನ ಎಡಗೈ ಮೇಲೆ ಹತ್ತಿತು. ಬೀಳದ ಹಾಗೆ ಇನ್ನೊಂದು ಕೈಯಿಂದ ಒತ್ತಿ ಹಿಡಿದು ಹಿತ್ತಲಿಗೆ ನಡೆದೆ.

"ನಂದಕ್ಕ, ಬಿಡ್ರಿ ಅದನ್ನ. ಕಡೀತು."

"ಯಾರನ್ನ?" ಎಂದೆ.

ಟೀಚರ್ ನನ್ನ ಎಡಗೈ ಕಡೆ ಬೆರಳು ಮಾಡಿದರು. ನಾನು ಕೈ ನೋಡಿಕೊಂಡೆ. ಕಲೆಯ ನಡುವೆ ಸಾಸಿವೆಯಷ್ಟು ಎರಡು ರಕ್ತದ ಹನಿ. ಜಾಡ ಹಾರಿ ಬೇಲಿಯೊಳಗೆ ಹೋಯಿತು. ಟೀಚರ್ ಸಾಬೂನು ಹಚ್ಚಿ ತೊಳೆದರು. ಆಮೇಲೆ ನನಗೆ ಕಣ್ಣು ಮುಚ್ಚಲು ಹೇಳಿದರು. ತೆರೆದಾಗ ಅವರ ಕೈಯಲ್ಲಿ ತಲೆಯ ಪಿನ್ನು ಇತ್ತು, ಕಣ್ಣಲ್ಲಿ ನೀರಿತ್ತು. ಅವರಿಗೆ ಯಾಕೆ ಅಳು ಎಂದು ನನಗೆ ತಿಳಿಯಲಿಲ್ಲ.

"ಮಂಗಳವಾರ ರಜಾ ಹಾಕ್ತೀನಿ. ಸರ್ಕಾರಿ ದವಾಖಾನಿಗೆ ಹೋಗೂಣು" ಎಂದರು.

ಸೆಪ್ಟೆಂಬರ್ 17, ಮಂಗಳವಾರ

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಹತ್ತಿಯನ್ನು ಬತ್ತಿಯಂತೆ ಹೊಸೆದುಕೊಂಡು, ಕಣ್ಣು ಮುಚ್ಚಿಕೊಳ್ರಿ, ಮುಟ್ಟಿದ ಕಡೆ ಬೆರಳು ಇಡ್ರಿ ಎಂದರು. ಕಣ್ಣು ಮುಚ್ಚಿ ಕುಳಿತೆ. ಯಾವಾಗ ಶುರು ಮಾಡುತ್ತಾರೆ ಎಂದು ಕಾಯುತ್ತಿದ್ದೆ. "ಆತ್ರಿ, ತಗೀರಿ" ಎಂದರು.

ಮೊಳಕೈ ಹಿಂದಿನ ನರ ಒತ್ತಿ ನೋಡಿದರು, ದಪ್ಪಗಾಗಿದೆಯಂತೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಕಾಗದ ಇಟ್ಟು ಬಿಗಿ ಹಿಡಿಯಲು ಹೇಳಿ ಎಳೆದರು. ಕಾಗದ ಸುಮ್ಮನೆ ಬಂದುಬಿಟ್ಟಿತು. ಚರಿಗೆ ಯಾಕೆ ಬೀಳುತ್ತದೆ ಎಂದು ಆಗ ತಿಳಿಯಿತು. ಕೈ ಪಳಗಿರಲಿಲ್ಲ.

"ಇದು ಜಾಡ ಅಲ್ಲರಿ. ಕುಷ್ಠ. ಆರು ತಿಂಗಳು ಗುಳಿಗಿ, ನರಕ್ಕ ಬ್ಯಾರೆ ಗುಳಿಗಿ. ಪೂರಾ ವಾಸಿ ಆಗತೈತಿ. ಮನಿಯಾಗ ಇರ್ರಿ, ಕೆಲಸ ಮಾಡ್ರಿ, ಉಣ್ರಿ, ಉಣ್ಣಸ್ರಿ. ಅಡಿಗಿಯಿಂದ ಯಾರಿಗೂ ಬರಂಗಿಲ್ಲ. ಆ ಕೈಯನ್ನ ಮಾತ್ರ ಬೆಂಕಿಯಿಂದ ದೂರ ಇಡ್ರಿ."

"ಸ್ಪರ್ಶ ತಿರುಗಿ ಬರತೈತೇನ್ರಿ?"

"ಸ್ವಲ್ಪ ಬರಬಹುದು, ಬರಲಿಕ್ಕಿಲ್ಲ. ಇನ್ನೂ ತಡಾ ಮಾಡಿದ್ರ ಬೆರಳು ಮಡಚಿಕೊಂತಿದ್ವು. ಇನ್ನೊಂದು ಮಾತು. ನಿಮ್ಮ ಮನಿಯವರನ್ನ ನಾವು ನೋಡಿ, ರೋಗ ಇಲ್ಲಂದ್ರ ತಡಿಯೂ ಗುಳಿಗಿ ಕೊಡತೇವಿ. ನಿಮ್ಮ ಜೋಡಿ ದಿನಾ ಕುಂತು ಕೆಲಸ ಮಾಡೋರಿದ್ರ ಅವರನ್ನೂ ನೋಡಬೇಕು. ನಿಮ್ಮ ಹೆಸರು ನಾವು ಹೇಳಂಗಿಲ್ಲ. ನೀವ ಕರಕೊಂಡ ಬರಬೇಕು."

ಮೊದಲ ಗುಳಿಗೆಗಳನ್ನು ಅವರ ಎದುರೇ ನುಂಗಿದೆ. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದರು. ಕೆಂಪೇ ಆಯಿತು. ಹೆದರಿಕೆ ಆಗಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ಇವರಿಗೂ ಅತ್ತೆಗೂ ಹೇಳಿದೆ. ಇವರು, "ಗುಳಿಗಿ ತಪ್ಪಸಬ್ಯಾಡ" ಎಂದರು. ರಾತ್ರಿ ನನ್ನ ಹಾಸಿಗೆಯನ್ನು ದಿನದ ಜಾಗದಲ್ಲೇ, ತಮ್ಮ ಬಾಜುವೇ ಹಾಸಿದರು. ಅದನ್ನು ಬರೆದಿಡಬೇಕು ಅನಿಸಿತು.

ಅತ್ತೆ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. "ದೊಡ್ಡ ರೋಗ ಅಂತ ಬಾಯಿ ಬಿಟ್ಟೀಯವ್ವ. ಖಾನಾವಳಿಯವರು ಒಬ್ಬರೂ ರೊಟ್ಟಿ ಮುಟ್ಟಂಗಿಲ್ಲ. ಯಾರರೆ ಕೇಳಿದ್ರ ಜಾಡ ಉಚ್ಚಿ ಹೊಯ್ದೈತಿ ಅನ್ನು."

ಒಂದು ತಿಂಗಳು ಜಾಡನ ಹಿಂದೆ ಬಿದ್ದು, ಅದು ನಿರಪರಾಧಿ ಎಂದು ಗೊತ್ತಾದ ಮೇಲೆ ಮತ್ತೆ ಅದರ ತಲೆಗೇ ಕಟ್ಟಬೇಕು. ನಗು ಬರಬೇಕಿತ್ತು.

ಸೆಪ್ಟೆಂಬರ್ 26, ಗುರುವಾರ

ಇಕ್ಕಳದಿಂದ ರೊಟ್ಟಿ ತಿರುವುತ್ತೇನೆ. ಎಡಗೈಗೆ ಅರಿವೆ ಸುತ್ತಿಕೊಂಡಿದ್ದೇನೆ. ಸಾವಂತ್ರೆವ್ವ, "ಬೆಂಕಿ ಹತ್ತದ ಕೈಗೆ ಈಗೇನಾತು?" ಎಂದಳು.

"ಜಾಡ ಕಡದೈತಕ್ಕ."

"ಅದನ್ನ ಅಂದಿದ್ನೆಲ್ಲ ನಾನು."

ಸುಳ್ಳಲ್ಲ, ಕಡಿದದ್ದು ಹೌದು. ಆದರೂ ಅವಳ ಮುಖ ನೋಡಲಿಲ್ಲ. ನಾವು ಕೂಡುವುದು ಮಂಡಿಗೆ ಮಂಡಿ ತಾಗಿಸಿ, ಇಷ್ಟು ವರ್ಷದಿಂದ. ಇವರಿಗೆ, ಅತ್ತೆಗೆ ಗುಳಿಗೆ ಆಯಿತು. ಅವಳಿಗೆ ಇಲ್ಲ. ಹೇಳಿದರೆ ನನ್ನ ಅನ್ನ ಹೋಗುತ್ತದೆ, ಅವಳದೂ ಹೋಗುತ್ತದೆ. ಹೇಳದಿದ್ದರೆ ಅವಳ ಕೈಯಿಂದ ಚರಿಗೆ ಬೀಳುವವರೆಗೂ ಯಾರಿಗೂ ತಿಳಿಯುವುದಿಲ್ಲ. ಅವಳ ಬಲಗೈಯನ್ನೇ ನೋಡುತ್ತಾ ಕುಳಿತೆ. ಎಂಥ ಚಂದ ಬಡಿಯುತ್ತಾಳೆ.

ಒಂದು ರೊಟ್ಟಿ ಹೊತ್ತಿತು. ವಾಸನೆ ಬಂದ ಮೇಲೆ ನೋಡಿದೆ.

ಅಕ್ಟೋಬರ್ 4, ಶುಕ್ರವಾರ

ಹೇಳಿದೆ.

ಹಿಟ್ಟು ನಾದಿ ಆಗಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಕುಷ್ಠ ಎಂದರೆ ಅವಳಿಗೆ ತಿಳಿಯಲಿಲ್ಲವೇನೋ ಎಂದು, ದೊಡ್ಡ ರೋಗ ಅಂತಲೂ ಅಂದೆ. ಸಾವಂತ್ರೆವ್ವ ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಹಚ್ಚಿದಳು.

"ಮಂದಿಗೆ ಗೊತ್ತಾದ್ರ ರೊಟ್ಟಿ ಒಯ್ಯಂಗಿಲ್ಲ."

"ಹೌದು."

"ನನ್ನ ಹೊಟ್ಟಿ ಮ್ಯಾಲೂ ಹೊಡತ ಬಿತ್ತು."

"ಹೌದಕ್ಕ. ನೀ ಒಮ್ಮೆ ಬಂದು ತೋರಸು. ಆಮ್ಯಾಲ ಬೇಕಾದ್ದ ಅನ್ನು ನನಗ."

ಎದ್ದು, ಸೀರೆಗೆ ಹತ್ತಿದ್ದ ಹಿಟ್ಟು ಝಾಡಿಸಿ, ಹೋದಳು. ಉಳಿದ ಹಿಟ್ಟನ್ನು ನಾನೊಬ್ಬಳೇ ಬಡಿದೆ. ಹೋಗುವಾಗ ಅವಳು ಚಪ್ಪಲಿಯನ್ನು ಝಾಡಿಸಿಯೇ ಮೆಟ್ಟಿಕೊಂಡಳು, ಅದನ್ನು ನೋಡಿದೆ.

ಅಕ್ಟೋಬರ್ 5, ಶನಿವಾರ

ಬರಲಿಲ್ಲ. ರೊಟ್ಟಿ ಅರ್ಧವೇ ಆದವು. ಎದೆಯಲ್ಲಿ ಏನೋ ಒತ್ತುತ್ತಿದೆ, ಅಜೀರ್ಣವಿರಬೇಕು.

ಅಕ್ಟೋಬರ್ 7, ಸೋಮವಾರ

ಬೆಳಿಗ್ಗೆ ಒಲೆಗೆ ಕಟ್ಟಿಗೆ ಬಡಿದು ಹಾಕುತ್ತಿದ್ದೆ. ಸಾವಂತ್ರೆವ್ವ ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಬೆಳಕಿಗೆ ಬೆನ್ನು ಕೊಟ್ಟು ಕುಳಿತಳು.

"ಬೈಯಾಕ ಬಂದಿಲ್ಲ. ನಾ ಅವತ್ತ ಅಂದಿದ್ನೆಲ್ಲ, ನನಗೂ ಬೆನ್ನಿಗೆ ಜಾಡ ಉಚ್ಚಿ ಹೊಯ್ದಿತ್ತಂತ. ಹೋತು ಅಂತ ನಾನ ಅನಕೊಂಡೀನಿ. ಬೆನ್ನು ನನಗೇನ ಕಾಣತೈತಿ? ನೋಡು, ಐತೋ ಹೋಗೇತೋ."

ಸೆರಗು ಸರಿಸಿ ಕುಪ್ಪಸ ಇಳಿಸಿದಳು. ಹೋಗಿರಲಿಲ್ಲ. ಹೆಗಲ ಕೆಳಗಿನಿಂದ ನಡುವಿನವರೆಗೆ ಹಬ್ಬಿತ್ತು, ಹಿಟ್ಟು ನಾದುವ ಪರಾತದಷ್ಟು ಅಗಲ, ನನ್ನದೇ ಬಣ್ಣ.

"ನಿನಗ ಡಾಕ್ಟರು ಹೆಂಗ ನೋಡಿದ್ರು, ಹಂಗ ನೋಡು. ಕಣ್ಣು ಮುಚ್ಚೀನಿ. ಮುಟ್ಟಿ ನೋಡು" ಎಂದಳು.

ಹೊರಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ಅಡಗುವವರೆಗೆ ಕಾದಳು. ಆಮೇಲೆ ಸಿಟ್ಟಿನಿಂದ ಅಂದಳು.

"ಯಾಕ ಸುಮ್ಮನ ಕುಂತಿ? ಹೇಸಗಿ ಬರತೈತೇನು? ಮುಟ್ಟ ಅಂದ್ರ ಮುಟ್ಟವಲ್ಲಿ."

ನನ್ನ ಬಲಗೈ, ಚೆನ್ನಾಗಿರುವ ಕೈ, ಆಗಲೇ ಅವಳ ಬೆನ್ನ ಮೇಲಿತ್ತು. ಐದೂ ಬೆರಳು ಊರಿದ್ದೆ.

ಅಳು ಬಂತು. ಎಲ್ಲಿಂದ ಬಂತೋ, ನಿಲ್ಲಲೇ ಇಲ್ಲ. ನಮ್ಮವ್ವನ ಹೆಸರು ಹಿಡಿದು ಅತ್ತುಬಿಟ್ಟೆ. ಸಾವಂತ್ರೆವ್ವ ತಿರುಗಿ ನೋಡಿದಳು, ನನ್ನ ಕೈ ಎಲ್ಲಿದೆ ಎಂದು ನೋಡಿದಳು, ಅವಳಿಗೂ ತಿಳಿಯಿತು. ಕುಪ್ಪಸ ಏರಿಸಿಕೊಂಡು ನನ್ನ ಕಣ್ಣೊರೆಸಿದಳು. ಅವಳ ಬೆರಳಿಗೆ ಹಿಟ್ಟಿನ ವಾಸನೆ ಇತ್ತು.

ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಹೋಗುತ್ತೇವೆ. ಇವತ್ತು ಒಲೆ ಹಚ್ಚಲಿಲ್ಲ.